ಮಳೆಗೆ ಮುಂಚಿನ ತಿಂಗಳು

ಕೈತೋಟ ಮಾಡಿಕೊಡುವವರಿಗೆ ಭರಣಿ ಮಳೆಯಿಂದ ರೋಹಿಣಿ ಮಳೆಯವರೆಗಿನ ದಿನಗಳಷ್ಟು ಕಷ್ಟದ ಕಾಲ ಇನ್ನೊಂದಿಲ್ಲ. ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಶಿವಮೊಗ್ಗದ ನೆಲ ಕಾದು ಬಿರಿದಿರುತ್ತದೆ. ಜಂಬಿಟ್ಟಿಗೆ ಮಣ್ಣಿಗೆ ಹಾರೆ ಹಾಕಿದರೆ ಕಿಡಿ ಹಾರುತ್ತದೆಯೇ ಹೊರತು ಮಣ್ಣು ಏಳುವುದಿಲ್ಲ. ಗುಂಡಿ ತೆಗೆಯುವ ಜಾಗಕ್ಕೆ ಹಿಂದಿನ ಸಂಜೆಯೇ ನೀರು ಸುರಿದು ನೆನೆಯಲು ಬಿಡುತ್ತೇನೆ. ಬೆಳಗ್ಗೆ ಬಿಸಿಲೇರುವ ಮುನ್ನ ಗುದ್ದಲಿ ಕೆಲಸ ಮುಗಿಯಬೇಕು. ಇದೇ ಹೊತ್ತಿಗೆ ಗೃಹಪ್ರವೇಶಗಳ ಸಾಲು. ಅಂಗಳ ಹಸಿರಾಗಿ ಕಾಣಬೇಕು ಎಂದು ಫೋನ್ ಮೇಲೆ ಫೋನ್.

ಅಂಥ ಮನೆಗೆ ಹೋದ ಕೂಡಲೇ ನಾನು ಕೇಳುವುದು ಒಂದೇ ಪ್ರಶ್ನೆ: ಛಾವಣಿಯ ನೀರು ಎಲ್ಲಿ ಬೀಳುತ್ತದೆ, ಬಿದ್ದ ಮೇಲೆ ಯಾರ ಮನೆ ಕಡೆ ಹೋಗುತ್ತದೆ? ಸಾವಿರ ಚದರಡಿ ಛಾವಣಿಯ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಸುಮಾರು 4,600 ಲೀಟರ್ ನೀರು. ಅಷ್ಟು ನೀರಿಗೆ ಮೇ ತಿಂಗಳಲ್ಲೇ ದಾರಿ ಮಾಡಿಡದಿದ್ದರೆ ಜೂನ್‌ನಲ್ಲಿ ಅದು ತನ್ನ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ, ಹೂವಿನ ಪಾತಿಯನ್ನೂ ಕೊಚ್ಚಿಕೊಂಡು.

ಎಲ್ಲ ಊರಿಗೂ ಒಂದೇ ಲೆಕ್ಕ ನಡೆಯುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆ. ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಪೇಟೆಯಲ್ಲಿ ನೀರನ್ನು ಹಿಡಿದಿಡಲು ಇಂಗುಗುಂಡಿ ತೆಗೆಯುತ್ತೇನೆ. ತೀರ್ಥಹಳ್ಳಿ ದಾಟಿದ ಮೇಲೆ ನೀರನ್ನು ಬಸಿದು ಹೊರಗೆ ಬಿಡುವುದೇ ದೊಡ್ಡ ಕೆಲಸ. ಅಡಿಕೆ ಮರ ನೀರು ನಿಂತ ನೆಲದಲ್ಲಿ ಬದುಕುವುದಿಲ್ಲ, ಅದಕ್ಕೇ ಮರದ ಸಾಲುಗಳ ನಡುವೆ ಬಸಿಗಾಲುವೆ ತೆಗೆಯುತ್ತಾರೆ. ಅಪ್ಪ ಜೀವನವಿಡೀ ಮಾಡಿದ್ದು ಆ ಕೆಲಸವನ್ನೇ. ನನ್ನ ಕೈತೋಟಗಳ ಅಡಿಪಾಯ ಅದು.

ತೀರ್ಥಹಳ್ಳಿ ಕಡೆ ಇಳಿಜಾರಿನಲ್ಲಿರುವ ಎರಡು ಮನೆಗಳ ವಿಷಯ ಹೇಳಬೇಕು. ಮೇಲಿನ ಮನೆಯ ನಿವೃತ್ತ ಮೇಷ್ಟರಿಗೆ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಬೇಕಿತ್ತು. ಕೆಳಗಿನ ಮನೆಯಲ್ಲಿ ಒಬ್ಬರೇ ಇರುವ ವಯಸ್ಸಾದ ಅಮ್ಮ, ಅವರ ಹಿತ್ತಲು, ಬಾವಿ. ಪ್ರತಿ ಮಳೆಗಾಲವೂ ಮೇಲಿನ ಕೆಂಪು ನೀರು ಬಾವಿಕಟ್ಟೆಯ ಸುತ್ತ ಬಂದು ನಿಲ್ಲುತ್ತಿತ್ತು. ಇದೇ ಕಾರಣಕ್ಕೆ ಎರಡೂ ಮನೆಗಳ ನಡುವೆ ಮಾತು ನಿಂತಿತ್ತು.

ನೆಲದ ಮಟ್ಟ ನೋಡಲು ಗಾರೆ ಕೆಲಸದವರು ಬಳಸುವ ಪಾರದರ್ಶಕ ಪೈಪನ್ನು ತೆಗೆದುಕೊಂಡು ಹೋಗಿದ್ದೆ. ಅದಕ್ಕೆ ನೀರು ತುಂಬಿ, ಒಳಗಿನ ಗಾಳಿಗುಳ್ಳೆಗಳೆಲ್ಲ ಹೋಗುವಂತೆ ತಟ್ಟಿ, ಒಂದು ತುದಿಯನ್ನು ಮೇಷ್ಟರ ಕೈಗೆ ಕೊಟ್ಟೆ, ಇನ್ನೊಂದನ್ನು ಕಾಂಪೌಂಡಿನಾಚೆ ಅಮ್ಮನ ಕೈಗೆ. ಪೈಪಿನ ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಆ ಗೆರೆಯಿಂದ ನೆಲಕ್ಕೆ ಮೇಷ್ಟರ ಕಡೆ ಒಂದು ಮೊಳ ಇದ್ದರೆ ಅಮ್ಮನ ಕಡೆ ಅವರ ಎದೆಮಟ್ಟಕ್ಕೆ ಬಂತು.

"ನಾನು ಇಷ್ಟು ವರ್ಷ ಹೇಳುತ್ತಿದ್ದದ್ದು ಇದನ್ನೇ ಮೇಷ್ಟ್ರೇ" ಎಂದರು ಅಮ್ಮ.

ಮೇಷ್ಟರು ಪೈಪನ್ನೇ ನೋಡುತ್ತಾ, "ಇಷ್ಟು ಇಳಿಜಾರಿದೆ ಎಂದು ನನಗೆ ಗೊತ್ತಿರಲಿಲ್ಲ ಅಮ್ಮ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಏನು ಮಾಡಬೇಕೋ ನೀವೇ ಹೇಳಿ" ಎಂದರು.

ಕಾಂಪೌಂಡಿನುದ್ದಕ್ಕೂ ಎರಡಡಿ ಅಗಲದ ಪಟ್ಟಿಗೆ ಇಂಟರ್‌ಲಾಕ್ ಹಾಕದೆ ಬಿಟ್ಟೆವು. ಅಲ್ಲಿ ಮೊಣಕಾಲುದ್ದದ ಕಾಲುವೆ ತೆಗೆದು, ತಳಕ್ಕೆ ದಪ್ಪ ಜಲ್ಲಿ ತುಂಬಿ, ರಸ್ತೆಯ ಚರಂಡಿಯ ಕಡೆಗೆ ನೂರು ಅಡಿಗೆ ಒಂದಡಿಯಂತೆ ವಾಟ ಕೊಟ್ಟೆ. ಅಂಚಿಗೆ ತೇವ ತಡೆಯುವ ಕಾಬಾಳೆ, ಸುಗಂಧಿ. ಮಳೆಗಾಲ ಕಳೆದು ಹೋದಾಗ ಬಾವಿಕಟ್ಟೆಯ ಸುತ್ತ ಕೆಸರಿರಲಿಲ್ಲ. ಸುಗಂಧಿಯ ಗಡ್ಡೆ ಕಾಂಪೌಂಡಿನಾಚೆಗೂ ಹೋಗಿತ್ತು, ಮೇಷ್ಟರೇ ಕಿತ್ತು ಕೊಟ್ಟದ್ದಂತೆ.

ಬಿಸಿಲು ವೈರಿಯೇನೂ ಅಲ್ಲ. ಜೇಕು ಹುಲ್ಲು ಹಬ್ಬಿದ ನೆಲವನ್ನು ಈ ತಿಂಗಳಲ್ಲೇ ಆಳವಾಗಿ ಅಗೆದು ಮಗುಚಿ ಹಾಕಬೇಕು. ಮೇಲೆ ಬಂದ ಗಡ್ಡೆಗಳು ಬಿಸಿಲಿಗೆ ಒಣಗಿ ಸಾಯುತ್ತವೆ. ಮಳೆ ಬಿದ್ದ ಮೇಲೆ ಅಗೆದರೆ ಒಂದು ಹತ್ತಾಗುತ್ತದೆ.

ಮೇ ಎಂದರೆ ಮದುವೆಗಳ ತಿಂಗಳೂ ಹೌದು. ನೆಂಟರ ಮನೆಯಲ್ಲಿ ನಾನು ಧಾರೆ ಮುಗಿಯುತ್ತಲೇ ಎದ್ದು ಬರುತ್ತೇನೆ. ಉಳಿದ ಉಪಚಾರವೆಲ್ಲ ಹೆಂಡತಿಯದು. ಅಷ್ಟರ ನಡುವೆಯೂ ಅವಳು ಹಿತ್ತಲಿನ ನೆರಳಿನಲ್ಲಿ ದಾಸವಾಳ, ಕೇಪಳದ ಕಡ್ಡಿಗಳನ್ನು ಚೀಲಗಳಲ್ಲಿ ಬೇರು ಬರಿಸಿರುತ್ತಾಳೆ. ಅವಳ ಕೈಯ ಗಿಡಗಳಿಲ್ಲದೆ ಜೂನ್‌ನಲ್ಲಿ ನನ್ನ ಕೆಲಸ ಸಾಗುವುದಿಲ್ಲ. ಇದನ್ನು ಮನೆಯಲ್ಲಿ ಹೇಳುವುದು ಕಡಿಮೆ, ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಬೀದಿಯಲ್ಲಿ ಸಂಜೆಯಾದರೆ ಎಲ್ಲರೂ ದರಗು, ಅಂದರೆ ಉದುರಿದ ಒಣ ಎಲೆ, ಗುಡ್ಡೆ ಹಾಕಿ ಸುಡುತ್ತಿದ್ದರು, ನನ್ನ ಅಮ್ಮನಿಗೆ ಆ ಹೊಗೆಗೆ ಕೆಮ್ಮು. ರಜೆಯಲ್ಲಿದ್ದ ಮಗ ಮನೆಮನೆಗೆ ಹೋಗಿ, "ಸುಡಬೇಡಿ ಅತ್ತೆ, ನಮಗೆ ಕೊಡಿ" ಎಂದು ಕೇಳಿಕೊಂಡು ಬಂದ. ಈಗ ನಮ್ಮ ಗೇಟಿನ ಬಳಿ ಚೀಲಗಳು ತಾವಾಗಿ ಬಂದು ಕೂರುತ್ತವೆ. ಆ ದರಗನ್ನು ಗಿಡದ ಬುಡಕ್ಕೆ ಮೂರು ಇಂಚು ದಪ್ಪ ಹೊದಿಸುತ್ತೇನೆ, ಕಾಂಡದಿಂದ ಒಂದು ಗೇಣು ಬಿಟ್ಟು. ತಾಗಿಸಿದರೆ ಮಳೆಯಲ್ಲಿ ಕಾಂಡ ಕೊಳೆಯುತ್ತದೆ, ಗೆದ್ದಲೂ ಹತ್ತುತ್ತದೆ.

ಚೀಲ ಕೊಟ್ಟವರಿಗೆ ಅಮ್ಮ ಡೇರೆ ಹೂವಿನ (ಡೇಲಿಯಾ) ಗಡ್ಡೆ ಕೊಡುತ್ತಾಳೆ. ಬೇಸಿಗೆಯಿಡೀ ಒಣ ಮರಳಿನಲ್ಲಿ ಹುಗಿದಿಟ್ಟ ಗಡ್ಡೆಗಳವು. ಕೊಡುವಾಗ ಒಂದೊಂದನ್ನೂ ಬೆಳಕಿಗೆ ಹಿಡಿದು ಕುತ್ತಿಗೆಯ ಬಳಿ ಕಣ್ಣಿದೆಯೇ ಎಂದು ನೋಡುತ್ತಾಳೆ. ಹಳೆಯ ಕಾಂಡದ ಚೂರು ಅಂಟಿಕೊಂಡಿರದ ಗಡ್ಡೆ ಎಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ. ಮಳೆ ಹಿಡಿದ ಮೇಲೆ ಏರುಮಡಿಯಲ್ಲಿ ನೆಟ್ಟರೆ ಗೌರಿ ಹಬ್ಬದ ಹೊತ್ತಿಗೆ ಇಡೀ ಬೀದಿಯಲ್ಲಿ ಹೂವು.

ಗೃಹಪ್ರವೇಶದವರಿಗೆ ಈಗ ಹೀಗೆ ಹೇಳುತ್ತಿದ್ದೇನೆ: ಆ ದಿನದ ಮಟ್ಟಿಗೆ ಹಸಿರು ಬೇಕಿದ್ದರೆ ಕುಂಡಗಳನ್ನು ತಂದಿಟ್ಟು ವಾಪಸ್ ಒಯ್ಯುತ್ತೇನೆ. ಹುಲ್ಲುಹಾಸು, ಗಿಡ ನೆಡುವುದು ಮೃಗಶಿರೆ ಹುಟ್ಟಿದ ಮೇಲೆ. ಅಲ್ಲಿಯವರೆಗೆ ವಾಟ ಮತ್ತು ಕಾಲುವೆ ಕೆಲಸ. ಅಳತೆಗೆ ಬರುವ ದಿನ ಪಕ್ಕದ ಮನೆಯವರನ್ನೂ ಕರೆದಿರಿ.