ಮೊದಲು ಕೊಳವೆ, ಆಮೇಲೆ ಚೀಲ

ಪರೇಡಿನಲ್ಲಿ ಬ್ಯಾಗ್‌ಪೈಪು, ಡ್ರಮ್ಮುಗಳ ಪೈಪ್ ಬ್ಯಾಂಡ್ ಹೊರಟಿತೆಂದರೆ ಎಲ್ಲರ ಕಣ್ಣೂ ಚೀಲದ ಮೇಲೆ, ಹೆಗಲಿಗೆ ಒರಗಿದ ಮೂರು ಕೊಳವೆಗಳ ಮೇಲೆ. ಕಲಿಯುವ ಆಸೆ ಹುಟ್ಟಿದವರು ಮೊದಲು ಕೊಳ್ಳಲು ಹೋಗುವುದೂ ಅದನ್ನೇ. ಎಡವುವುದು ಅಲ್ಲಿಯೇ. ಉಸಿರು, ತೋಳು, ಬೆರಳು, ಕಿವಿ ನಾಲ್ಕಕ್ಕೂ ಒಂದೇ ದಿನ ಹೊಸ ಕೆಲಸ ಹಚ್ಚಿದರೆ ಒಂದೂ ಬಗ್ಗುವುದಿಲ್ಲ. ಹತ್ತು ನಿಮಿಷಕ್ಕೆ ತಲೆ ಸುತ್ತುತ್ತದೆ, ಹದಿನೈದು ದಿನಕ್ಕೆ ಪೈಪು ಅಟ್ಟ ಸೇರುತ್ತದೆ. ಪಲ್ಟನ್ನಿನಲ್ಲಿ ಕಲಿಸುವ ಉಸ್ತಾದರು ಹೊಸಬರ ಕೈಗೆ ಮೊದಲು ಕೊಡುವುದು ಮೊಳಕ್ಕಿಂತ ತುಸು ಉದ್ದದ ಒಂದು ಕೊಳವೆಯನ್ನು. ಡ್ರಮ್ ಕಲಿಯಲು ಬಂದವರಿಗೆ ಒಂದು ರಬ್ಬರ್ ಪ್ಯಾಡ್, ಒಂದು ಜೊತೆ ಕೋಲು. ಚೀಲ, ಡ್ರಮ್ಮು ಎಲ್ಲ ಆಮೇಲೆ.

ಉಸ್ತಾದರನ್ನು ಆರಿಸುವುದು

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಕಲಿಸಬಲ್ಲವರು ಸಿಗುವುದು ಹೆಚ್ಚಾಗಿ ಸೇನೆ ಅಥವಾ ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದವರಲ್ಲಿ. ಮಾಜಿ ಸೈನಿಕರ ಸಂಘಗಳಲ್ಲಿ ವಿಚಾರಿಸಿ. ಆದರೆ ‘ಬ್ಯಾಂಡಿನಲ್ಲಿದ್ದೆ’ ಎಂದವರೆಲ್ಲ ಪೈಪರ್ ಆಗಿರುವುದಿಲ್ಲ. ಹಿತ್ತಾಳೆ ಬ್ಯಾಂಡ್ ಬೇರೆ, ಪೈಪ್ ಬ್ಯಾಂಡ್ ಬೇರೆ. ಯಾವ ವಾದ್ಯ, ಎಷ್ಟು ವರ್ಷ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಪೈಪಿನವರಾದರೆ ನಿಮ್ಮೆದುರು ಹೆಗಲ ಮೇಲಿನ ಆ ಮೂರು ಕೊಳವೆಗಳನ್ನು, ಅಂದರೆ ಒಂದೇ ಶ್ರುತಿ ಹಿಡಿದು ನಿಲ್ಲುವ ಮೂರೂ ಡ್ರೋನ್‌ಗಳನ್ನು ಶ್ರುತಿ ಮಾಡಿ ತೋರಿಸಲಿ. ಡ್ರಮ್ಮಿನವರಾದರೆ ಮೆಲ್ಲಗೆ ರೋಲ್, ಅಂದರೆ ಏಟುಗಳು ಬಿಡಿಯಾಗಿ ಕೇಳದಂತೆ ಒಂದೇ ಸಮ ಹರಿಯುವ ನುಡಿತ, ನುಡಿಸಲಿ. ಜೋರಾಗಿ ಬಾರಿಸುವುದು ಯಾರಿಗಾದರೂ ಬಂದೀತು, ಸಣ್ಣ ದನಿಯಲ್ಲಿ ಒಡೆಯದ ರೋಲ್ ಕೇಳಿಸಬಲ್ಲವರು ಮಾತ್ರ ಕೈ ತಿದ್ದಬಲ್ಲರು.

ವಾರಕ್ಕೊಮ್ಮೆ ಎದುರುಬದುರು ಕೂತು ಮುಕ್ಕಾಲು ಗಂಟೆ ಪಾಠ, ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ. ಭಾನುವಾರ ಒಮ್ಮೆಗೇ ಮೂರು ಗಂಟೆ ಕೂರುವುದಕ್ಕಿಂತ ಇದು ಎಷ್ಟೋ ಮೇಲು. ಮೊಬೈಲ್ ವಿಡಿಯೊ ಬೆರಳು ಎಲ್ಲಿಡಬೇಕೆಂದು ತೋರಿಸುತ್ತದೆ; ನಿಮ್ಮ ಬೆರಳು ತೂತನ್ನು ಪೂರ್ತಿ ಮುಚ್ಚಿಲ್ಲ ಎಂದು ಹೇಳುವುದಿಲ್ಲ.

ಒಂಬತ್ತು ಸ್ವರಗಳ ಕೊಳವೆ

ಉಸ್ತಾದರು ಮೊದಲು ಕೊಡುವ ಆ ಕೊಳವೆಯನ್ನು ಪ್ರಾಕ್ಟೀಸ್ ಚಾಂಟರ್ ಎಂದು ಕೇಳಿ ತರಿಸಿ. ಪ್ಲಾಸ್ಟಿಕ್ಕಿನದೇ ಸಾಕು. ದನಿ ಹುಟ್ಟಿಸುವ ತೆಳು ಪೀಪಿ, ಅಂದರೆ ರೀಡ್, ಮುಚ್ಚಳದೊಳಗೆ ಇರುವುದರಿಂದ ತುಟಿಗೆ ತಾಗುವುದಿಲ್ಲ. ಶಹನಾಯಿಯಂತೆ ತುಟಿಯಿಂದ ಸ್ವರ ತಿದ್ದುವ ಅವಕಾಶವೇ ಇಲ್ಲ.

ಎಡಗೈ ಮೇಲೆ, ಬಲಗೈ ಕೆಳಗೆ. ಎಡಗೈ ಹೆಬ್ಬೆರಳು ಹಿಂದಿನ ತೂತಿಗೆ. ತೋರು, ನಡು, ಉಂಗುರ ಬೆರಳು ಮುಂದಿನ ಮೂರಕ್ಕೆ. ಎಡ ಕಿರುಬೆರಳಿಗೆ ಕೆಲಸವಿಲ್ಲ. ಬಲಗೈಯ ನಾಲ್ಕೂ ಬೆರಳು ಕೆಳಗಿನ ನಾಲ್ಕು ತೂತಿಗೆ. ಕೊಳಲಿನ ಅಭ್ಯಾಸವಿದ್ದವರು ಬೆರಳ ತುದಿ ಇಡುತ್ತಾರೆ. ಇಲ್ಲಿ ಬೆರಳು ಚಪ್ಪಟೆಯಾಗಿರಬೇಕು, ಬಲಗೈಯಲ್ಲಿ ನಡುಗೆಣ್ಣಿನ ಹತ್ತಿರದ ಮಾಂಸಲ ಭಾಗದಿಂದ ಮುಚ್ಚಬೇಕು.

ಸ್ವರಗಳ ಹೆಸರು ಇಂಗ್ಲಿಷ್ ಅಕ್ಷರಗಳು; ಲೋ ಎಂದರೆ ತಗ್ಗಿನದು, ಹೈ ಎಂದರೆ ಏರಿನದು. ಎಲ್ಲ ಮುಚ್ಚಿದರೆ ಲೋ ಜಿ. ಬಲ ಕಿರುಬೆರಳು ಎತ್ತಿದರೆ ಲೋ ಎ. ಉಂಗುರ ಬೆರಳನ್ನೂ ಎತ್ತಿದರೆ ಬಿ. ಸಿ ಬಂದಾಗ ಹೊಸಬರು ತಪ್ಪುತ್ತಾರೆ: ನಡು, ಉಂಗುರ ಬೆರಳು ಮೇಲೆ, ಆದರೆ ಕಿರುಬೆರಳು ಮತ್ತೆ ಕೆಳಗೆ. ಡಿಗೆ ತೋರುಬೆರಳೂ ಮೇಲೆ, ಕಿರುಬೆರಳು ಕೆಳಗೇ. ಇ ನುಡಿಸಲು ಎಡ ಉಂಗುರ ಬೆರಳು ಎತ್ತಿ, ಬಲಗೈಯ ಮೊದಲ ಮೂರು ಬೆರಳು ಮುಚ್ಚಿ, ಕಿರುಬೆರಳು ಬಿಡಬೇಕು. ಅಲ್ಲಿಂದ ಮುಂದೆ ಬಲಗೈ ಹಾಗೆಯೇ ನಿಲ್ಲುತ್ತದೆ: ಎಡ ನಡುಬೆರಳನ್ನೂ ಎತ್ತಿದರೆ ಎಫ್, ತೋರುಬೆರಳನ್ನೂ ಎತ್ತಿದರೆ ಹೈ ಜಿ. ಹೈ ಎಗೆ ಹೆಬ್ಬೆರಳು ತೆರೆದು ಎಡ ಉಂಗುರ ಬೆರಳನ್ನು ಮತ್ತೆ ಮುಚ್ಚುವುದು.

ಲೋ ಎ ಸ್ವರವನ್ನು ಷಡ್ಜ ಎಂದುಕೊಂಡರೆ ಈ ಸಾಲು ನಮ್ಮವರಿಗೆ ಹೊಸದೇನಲ್ಲ. ಸ ರಿ ಗ ಮ ಪ ದ, ಕೋಮಲ ನಿ, ಮೇಲಿನ ಸ; ಕೆಳಗೆ ಇನ್ನೊಂದು ಕೋಮಲ ನಿ. ಹಿಂದೂಸ್ತಾನಿಯಲ್ಲಿ ಖಮಾಜ್ ಥಾಟ್, ಕರ್ನಾಟಕ ಪದ್ಧತಿಯಲ್ಲಿ ಹರಿಕಾಂಭೋಜಿ. ಭಜನೆ ಹಾಡಿ ಬೆಳೆದವರ ಕಿವಿಗೆ ಇದು ದೊಡ್ಡ ಅನುಕೂಲ. ಪೂರ್ತಿ ಪೈಪಿನ ಷಡ್ಜ ಈಗ ಸಾಮಾನ್ಯವಾಗಿ 470ರಿಂದ 480 ಹರ್ಟ್ಸ್, ಅಂದರೆ ಹಾರ್ಮೋನಿಯಂನ ಕಪ್ಪು ಐದಕ್ಕಿಂತ ತುಸು ಮೇಲೆ. ಹೀಗಾಗಿ ಹಾರ್ಮೋನಿಯಂ ಜೊತೆ ನೇರ ಕೂಡುವುದಿಲ್ಲ, ಕೂಡಿಸಲು ಹೋಗಬೇಡಿ.

ಗ್ರೇಸ್ ನೋಟ್ ಇಲ್ಲದೆ ಪೈಪ್ ಇಲ್ಲ

ಚೀಲದ ಗಾಳಿ ನಿಲ್ಲದೆ ಹರಿಯುತ್ತಿರುವುದರಿಂದ ಸ್ವರಕ್ಕೂ ಸ್ವರಕ್ಕೂ ನಡುವೆ ಬಿಡುವು ಕೊಡಲು ಬರುವುದಿಲ್ಲ. ನಾಲಿಗೆಯಿಂದ ತುಂಡರಿಸುವಂತೆಯೂ ಇಲ್ಲ. ಒಂದೇ ಸ್ವರ ಎರಡು ಸಲ ಬಂದರೆ ಕೇಳುಗರಿಗೆ ಒಂದು ಉದ್ದ ಸ್ವರವಾಗಿಯೇ ಕೇಳುತ್ತದೆ. ಇದಕ್ಕೆ ಉಪಾಯ ಗ್ರೇಸ್ ನೋಟ್: ಮೇಲಿನ ಒಂದು ಸ್ವರವನ್ನು ಚಿಟಿಕೆಯಷ್ಟು ಹೊತ್ತು ತೆರೆದು ಮುಚ್ಚುವುದು. ಎಡ ತೋರುಬೆರಳಿನಿಂದ ಜಿ, ಎಡ ಉಂಗುರ ಬೆರಳಿನಿಂದ ಇ, ಬಲ ತೋರುಬೆರಳಿನಿಂದ ಡಿ. ಮೊದಲ ಎರಡು ತಿಂಗಳು ಈ ಮೂರೇ ಸಾಕು. ಡಬ್ಲಿಂಗ್, ಗ್ರಿಪ್ ಎಂಬ ಜೋಡಣೆಗಳು ಇವುಗಳ ಮೇಲೆಯೇ ನಿಂತಿವೆ. ಗ್ರೇಸ್ ನೋಟ್ ಸರಿಯಾಗಿ ತಾಳದ ಏಟಿನ ಮೇಲೆಯೇ ಬೀಳಬೇಕು, ಮುಂಚೆ ಅಲ್ಲ.

ಇನ್ನೊಂದು ರೋಗ ಕಳ್ಳಸ್ವರ. ಸಿಯಿಂದ ಇಗೆ ಹೋಗುವಾಗ ನಾಲ್ಕು ಬೆರಳು ಒಮ್ಮೆಗೇ ಚಲಿಸಬೇಕು. ಒಂದು ಹಿಂದೆ ಬಿದ್ದರೂ ನಡುವೆ ಬೇಡದ ಸ್ವರವೊಂದು ‘ಕಿಂಕ್’ ಎನ್ನುತ್ತದೆ. ಪರಿಹಾರ ಒಂದೇ, ನಿಧಾನ. ತಾಳ ತಟ್ಟುವ ಯಂತ್ರ ಮೆಟ್ರೊನೋಮನ್ನು ನಿಮಿಷಕ್ಕೆ 60 ಏಟಿಗೆ ಇಟ್ಟು, ಐದು ಸಲ ತಪ್ಪಿಲ್ಲದೆ ಬಂದರೆ 4 ಹೆಚ್ಚಿಸಿ, ಒಮ್ಮೆ ತಪ್ಪಿದರೆ 8 ಇಳಿಸಿ.

ಟ್ಯೂನ್ ನುಡಿಸುವ ಮೊದಲು ಬಾಯಲ್ಲಿ ಹಾಡಿ. ಸ್ಕಾಟ್ಲೆಂಡಿನ ಹಳೆಯ ಪೈಪರುಗಳೂ ತಬಲಾ ಬೋಲ್‌ಗಳಂತೆ ಸ್ವರಗಳಿಗೆ ಉಚ್ಚಾರ ಕಟ್ಟಿ, ಹಾಡಿಯೇ ಪಾಠ ಹೇಳುತ್ತಿದ್ದರು. ಆರು ಟ್ಯೂನ್ ಬಾಯಿಪಾಠವಾಗಿ, ನೋಡದೆ ನುಡಿಸುವಂತಾದ ಮೇಲೆ ಚೀಲದ ಮಾತು. ಇದಕ್ಕೆ ಆರು ತಿಂಗಳಿಂದ ಒಂದು ವರ್ಷ ಬೇಕು.

ಚೀಲ ಮತ್ತು ಗೌಂಡಿಯ ಲೆವೆಲ್ ಪೈಪ್

ಪೈಪ್‌ಗೆ ಮೊದಲ ಪರೀಕ್ಷೆ ಗಾಳಿಯದು. ಬೆರಳಾಡಿಸುವ ಕೊಳವೆಯಾದ ಚಾಂಟರ್, ಡ್ರೋನ್‌ಗಳನ್ನು ಬಿಚ್ಚಿ, ಚೀಲದ ಬಾಯಿಗಳಿಗೆಲ್ಲ ಬಿರಡೆ ಜಡಿದು, ಬಿಗಿಯಾಗುವವರೆಗೆ ಊದಿ ಒಂದು ನಿಮಿಷ ಬಿಡಿ. ಚೀಲ ಮೆತ್ತಗಾದರೆ ಎಲ್ಲೋ ಸೋರುತ್ತಿದೆ. ಊದುಗೊಳವೆಯ ತಳದ ರಬ್ಬರ್ ವಾಲ್ವು ಗಾಳಿಯನ್ನು ವಾಪಸ್ ಬಾಯಿಗೆ ತಳ್ಳಿದರೆ ವಾಲ್ವ್ ಬದಲಿಸಿ. ಸೋರುವ ಚೀಲದಲ್ಲಿ ಕಲಿಯುವುದೆಂದರೆ ತೂತು ಬಿದ್ದ ಕೊಡದಲ್ಲಿ ನೀರು ಹೊತ್ತಂತೆ.

ಮೊದಲ ದಿನಗಳಲ್ಲಿ ಮೂರೂ ಡ್ರೋನ್ ಮುಚ್ಚಿ ಚಾಂಟರ್ ಮಾತ್ರ ನುಡಿಸಿ. ಎರಡು ವಾರಕ್ಕೊಂದರಂತೆ ಡ್ರೋನ್ ತೆರೆಯುತ್ತ ಹೋಗಿ. ಊದುವಾಗ ತೋಳು ಸಡಿಲ, ಉಸಿರು ಎಳೆದುಕೊಳ್ಳುವಾಗ ತೋಳಿನಿಂದ ಒತ್ತು. ಎರಡೂ ಒಟ್ಟಿಗೆ ಬಿದ್ದರೆ ಸ್ವರ ಏರುತ್ತದೆ, ಎರಡೂ ಬಿಟ್ಟರೆ ಕುಸಿಯುತ್ತದೆ. ತೊಟ್ಟಿಲು ತೂಗಿದಂತೆ ದನಿ ಏರಿಳಿದರೆ ಒತ್ತಡ ಹದವಾಗಿಲ್ಲ ಎಂದರ್ಥ.

ಹದವನ್ನು ಕಣ್ಣಿಗೆ ಕಾಣಿಸಲು ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪ್ ಸಾಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ನಾಲ್ಕು ಮೀಟರ್ ತಂದು ‘ಯು’ ಆಕಾರದಲ್ಲಿ ಗೋಡೆಗೆ ಹೊಡೆದು, ಅರ್ಧದಷ್ಟು ಬಣ್ಣದ ನೀರು ತುಂಬಿ. ಒಂದು ತುದಿಯನ್ನು ತೂತು ಕೊರೆದ ಬಿರಡೆಯ ಮೂಲಕ ಡ್ರೋನ್ ಕೂರುವ ಬಾಯಿಗೆ ಸೇರಿಸಿ, ಇನ್ನೊಂದನ್ನು ತೆರೆದಿಡಿ. ಮಧ್ಯಮ ರೀಡ್‌ಗೆ ಎರಡು ಬದಿಯ ನೀರಿನ ಅಂತರ ಸುಮಾರು 70ರಿಂದ 80 ಸೆಂಟಿಮೀಟರ್ ಬರುತ್ತದೆ. ಟ್ಯೂನ್ ಮುಗಿಯುವವರೆಗೆ ನೀರು ಅಲ್ಲಾಡದೆ ನಿಂತರೆ ತೋಳು ಪಳಗಿತು. ಅಂತರ ಒಂದು ಮೀಟರ್ ಮುಟ್ಟಿದರೆ ರೀಡ್ ನಿಮಗೆ ಗಟ್ಟಿಯಾಯಿತು; ಶೌರ್ಯಕ್ಕೆ ಊದದೆ ಸಡಿಲ ರೀಡ್ ಹಾಕಿಸಿಕೊಳ್ಳಿ. ರಕ್ತದೊತ್ತಡ ಅಥವಾ ಹರ್ನಿಯಾ ಇದ್ದವರು ಮೊದಲೇ ವೈದ್ಯರನ್ನು ಕೇಳಬೇಕು.

ಶ್ರುತಿಗೆ ಮೊದಲು ಹತ್ತು ನಿಮಿಷ ನುಡಿಸಿ ವಾದ್ಯ ಬೆಚ್ಚಗಾಗಲಿ. ಮೂರು ಡ್ರೋನ್‌ಗಳಲ್ಲಿ ಗಿಡ್ಡನೆಯ ಎರಡು ಟೆನರ್, ಉದ್ದನೆಯದು ಬೇಸ್. ಲೋ ಎ ಹಿಡಿದು ಹೊರಬದಿಯ ಟೆನರ್ ಡ್ರೋನ್‌ನ ಮೇಲ್ಭಾಗವನ್ನು ಏರಿಸಿ ಇಳಿಸಿ. ಎಳೆದು ಉದ್ದ ಮಾಡಿದರೆ ಶ್ರುತಿ ತಗ್ಗುತ್ತದೆ, ತಳ್ಳಿ ಗಿಡ್ಡ ಮಾಡಿದರೆ ಏರುತ್ತದೆ. ತಾಳೆಯಾಗದಿದ್ದಾಗ ‘ವಾಂವ್ ವಾಂವ್’ ಎಂದು ಅಲೆ ಕೇಳುತ್ತದೆ. ಅಲೆ ನಿಧಾನವಾಗುತ್ತಾ ಹೋಗಿ ನಿಂತುಬಿಟ್ಟರೆ ಕೂಡಿತು. ಮೊದಲನೆಯದಕ್ಕೆ ಎರಡನೇ ಟೆನರ್, ಕೊನೆಗೆ ಬೇಸ್. ಚಾಂಟರಿನಲ್ಲಿ ಒಂದೇ ಸ್ವರ ಏರಿದ್ದರೆ ಆ ತೂತಿನ ಮೇಲಂಚಿಗೆ ಕರಿ ಟೇಪ್ ತುಸು ಅಂಟಿಸಿದರೆ ಇಳಿಯುತ್ತದೆ.

ಬಿಸಿಲೂರಿನ ಲೆಕ್ಕ

ಪೈಪಿನ ಪುಸ್ತಕಗಳು ಬರೆಯುವುದು ಸ್ಕಾಟ್ಲೆಂಡಿನ ತಂಪು, ತೇವದ ಬಗ್ಗೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ನಮ್ಮ ಒಣ ಗಾಳಿಗೆ ಲೆಕ್ಕವೇ ಬೇರೆ. ಬೆಳಿಗ್ಗೆ ಆರಕ್ಕೆ ಕೂಡಿಸಿದ ಶ್ರುತಿ ಒಂಬತ್ತರ ಬಿಸಿಲಿಗೆ ನಿಲ್ಲುವುದಿಲ್ಲ. ಚಾಂಟರ್ ಏರುತ್ತದೆ, ಡ್ರೋನ್‌ಗಳನ್ನು ಮತ್ತೆ ಗಿಡ್ಡ ಮಾಡಬೇಕಾಗುತ್ತದೆ. ಮೈದಾನಕ್ಕೆ ಕರೆಯುವವರೆಗೂ ಬೇವಿನ ನೆರಳಲ್ಲೇ ನಿಲ್ಲಿ. ಮರ ಒಣಗಿ ಕುಗ್ಗುವುದರಿಂದ ಕೂಡುಗಳು ಸಡಿಲಾಗಿ, ನಡೆಯುವಾಗಲೇ ಡ್ರೋನ್ ಕಳಚಿ ಬೀಳುವುದುಂಟು. ಮೇಣದ ನಾರುದಾರ ಪೆಟ್ಟಿಗೆಯಲ್ಲಿ ಸದಾ ಇರಲಿ: ಚಾಂಟರ್ ಕೂಡು ಬಿಗಿ, ಶ್ರುತಿಯ ಜಾರುಕೂಡು ಗಟ್ಟಿಯಾಗಿದ್ದೂ ಜಾರುವಷ್ಟು. ಕರಿಮರದ ಪೈಪ್ ಬಿರುಕು ಬಿಡುವ ಭಯವಿರುವುದರಿಂದ ಈ ಭಾಗದ ಹೊಸಬರಿಗೆ ಡೆಲ್ರಿನ್ ಪ್ಲಾಸ್ಟಿಕ್ಕಿನದೇ ಲೇಸು. ನೋಡಲು ಅಷ್ಟು ಗತ್ತಿಲ್ಲ, ಒಪ್ಪೋಣ. ಅಗ್ಗಕ್ಕೆ ಸಿಗುವ ಅಲಂಕಾರದ ಪೈಪ್‌ಗಳಲ್ಲಿ ತೂತಿನ ಅಂತರವೇ ತಪ್ಪಿರುವುದುಂಟು, ಉಸ್ತಾದರು ಊದಿ ನೋಡದೆ ಹಣ ಕೊಡಬೇಡಿ.

ನುಡಿಸಿದ ಮೇಲೆ ಎಲ್ಲ ಬಿಚ್ಚಿ, ಒಳಗಿನ ತೇವ ಒರೆಸಿ, ಊದುಗೊಳವೆ ಒಣಗಲು ಬಿಡಿ. ರೀಡ್ ಮಾತ್ರ ಪೂರ್ತಿ ಒಣಗಬಾರದು, ಮುಚ್ಚಳ ಹಾಕಿಡಿ. ಚೊಕ್ಕಟವಿಲ್ಲದ ಪೈಪಿನೊಳಗೆ ಬೂಷ್ಟು ಬೆಳೆಯುತ್ತದೆ. ಅದನ್ನು ಉಸಿರಾಡಿ ಶ್ವಾಸಕೋಶ ಕೆಟ್ಟು 61 ವರ್ಷದ ಪೈಪರ್ ಒಬ್ಬರು ತೀರಿಕೊಂಡ ಪ್ರಕರಣ 2016ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಸದ್ದು 100 ಡೆಸಿಬೆಲ್ ದಾಟುವುದರಿಂದ ಕೋಣೆಯಲ್ಲಿ ಊದುವಾಗ ಕಿವಿಗೆ ಬಿರಡೆ ಬೇಕು. ಕೆರೆ ಏರಿ, ಕೊಯ್ಲಾದ ಹೊಲ ಇದ್ದರೆ ಇನ್ನೂ ಒಳ್ಳೆಯದು. ನೆರೆಮನೆಯವರೂ ಹರಸುತ್ತಾರೆ.

ಡ್ರಮ್ಮಿನವರಿಗೆ

ಮೊಹರಂನಲ್ಲಿ ತಾಸೆ, ಹಲಗೆ ಬಾರಿಸಿ ಪಳಗಿದ ಹುಡುಗರಿಗೆ ಇಲ್ಲಿ ಅರ್ಧ ದಾರಿ ಸವೆದಂತೆ. ಮಣಿಕಟ್ಟು ಆಗಲೇ ಸಡಿಲಿದೆ. ಮರೆಯಬೇಕಾದದ್ದು ಜೋರು. ಪೈಪ್ ಬ್ಯಾಂಡಿನ ಸೈಡ್ ಡ್ರಮ್ ಚರ್ಮ ಬಹಳ ಬಿಗಿ, ಕೋಲು ತಾನೇ ಪುಟಿಯುತ್ತದೆ. ಹೊಡೆಯುವುದು ಕಡಿಮೆ, ಪುಟಿತವನ್ನು ಹಿಡಿಯುವುದು ಹೆಚ್ಚು.

ಬಲಗೈ ಅಂಗೈ ಕೆಳಮುಖ, ಎಡಗೈ ಅಂಗೈ ಮೇಲ್ಮುಖ. ಎಡಗೈಯ ಕೋಲು ಹೆಬ್ಬೆರಳಿನ ಸಂದಿಯಲ್ಲಿ ಕೂತು ಉಂಗುರ ಬೆರಳಿನ ಮೇಲೆ ಒರಗಬೇಕು. ಪ್ಯಾಡ್ ಮೇಲೆ ಕನ್ನಡಿಯ ಎದುರು ಕೂತು ಎರಡೂ ಕೋಲು ಒಂದೇ ಎತ್ತರಕ್ಕೆ ಏಳುತ್ತವೆಯೇ ನೋಡಿ. ಮೊದಲು ಒಂಟಿ ಏಟು: ಬಲ ಎಡ ಬಲ ಎಡ. ನಂತರ ಜೋಡಿ: ಬಲ ಬಲ ಎಡ ಎಡ. ಆಮೇಲೆ ಪ್ಯಾರಾಡಿಡಲ್: ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಫ್ಲ್ಯಾಮ್‌ನಲ್ಲಿ ಸಣ್ಣ ಏಟು ದೊಡ್ಡದಕ್ಕೆ ಕೂದಲೆಳೆಯಷ್ಟು ಮುಂಚೆ ಬೀಳಬೇಕು. ಎರಡೂ ಒಟ್ಟಿಗೆ ಬಿದ್ದರೆ ಅದು ಫ್ಲ್ಯಾಮ್ ಅಲ್ಲ. ರೋಲ್ ಒಡೆಯುತ್ತಿದ್ದರೆ ನೂರಕ್ಕೆ ನೂರು ಎಡಗೈಯನ್ನೇ ಅನುಮಾನಿಸಿ. ಎಡಗೈಗೆ ಪ್ರತಿದಿನ ಐದು ನಿಮಿಷ ಪ್ರತ್ಯೇಕ ಕೊಡಿ. 2/4, 4/4 ತಾಳದ ಮಾರ್ಚ್‌ಗಳಲ್ಲಿ ಕೇರವಾ ಬಲ್ಲವರಿಗೆ ದಾರಿ ಸಲೀಸು. 6/8 ಬಂದಾಗ ದಾದ್ರಾ ನೆನೆಯಿರಿ, ಆದರೆ ಹೆಜ್ಜೆ ಒಂದು ಮತ್ತು ನಾಲ್ಕನೇ ಮಾತ್ರೆಗೆ ಬೀಳುತ್ತದೆ.

ಹಲಗೆಯನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡುತ್ತೇವೆ. ಇಲ್ಲಿ ಕೀಲಿ ಹಾಕಿ ಬೋಲ್ಟ್ ತಿರುವಬೇಕು. ಒಂದಾದ ಮೇಲೆ ಅದರ ಎದುರಿನದು, ಪ್ರತಿಸಲ ಕಾಲು ಸುತ್ತು. ಒಂದೇ ಬದಿಯಿಂದ ಬಿಗಿಯುತ್ತ ಹೋದರೆ ಚರ್ಮ ಓರೆಯಾಗಿ ಎಳೆಯುತ್ತದೆ. ಬೇಸ್ ಡ್ರಮ್ ನುಡಿಸುವವರಿಗೆ ಏಟು ಕಡಿಮೆ, ಹೊಣೆ ಜಾಸ್ತಿ. ಇಡೀ ತಂಡದ ಕಾಲು ಅವರ ಕೈಯಲ್ಲಿದೆ.

ಕೂಡಿ ಹೊರಡುವುದು, ಕೂಡಿ ನಿಲ್ಲುವುದು

ಆಜ್ಞೆಯಾದ ಕೂಡಲೇ ಡ್ರಮ್‌ಗಳು ಮೂರು ಹೆಜ್ಜೆಯ ರೋಲ್ ಎರಡು ಸಲ ನುಡಿಸುತ್ತವೆ. ಮೊದಲ ರೋಲ್‌ನಲ್ಲಿ ಪೈಪರುಗಳು ಸುಮ್ಮನಿರಬೇಕು. ಎರಡನೆಯದು ಶುರುವಾದಾಗ ಚೀಲಕ್ಕೆ ಅಂಗೈಯಿಂದ ಒಂದೇಟು ಕೊಟ್ಟು ಡ್ರೋನ್ ಎಬ್ಬಿಸಿ, ಆ ರೋಲ್ ಮುಗಿಯುವ ಮುಂಚೆ ಎಲ್ಲರೂ ಒಟ್ಟಿಗೆ ಇ ಸ್ವರ ಹಿಡಿದು ಟ್ಯೂನಿಗೆ ಇಳಿಯಬೇಕು. ಏಟು ಅಳುಕಿನಿಂದ ಕೊಟ್ಟರೆ ಚಾಂಟರ್ ಮೊದಲೇ ಕಿರುಚುತ್ತದೆ, ಇಲ್ಲವೇ ಡ್ರೋನ್ ತಡವಾಗಿ ಗೊಗ್ಗರು ದನಿಯಲ್ಲಿ ಏಳುತ್ತದೆ. ಆರಂಭಕ್ಕೂ ಮುಂಚೆ ಚೀಲದಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿ ಇರಬೇಕು, ರೀಡ್ ನುಡಿಯುವಷ್ಟು ಒತ್ತಡ ಇರಬಾರದು. ಇದೊಂದನ್ನೇ ದಿನಕ್ಕೆ ಇಪ್ಪತ್ತು ಸಲ ಮಾಡಿಸುವ ಉಸ್ತಾದರ ಮೇಲೆ ಸಿಟ್ಟಾಗಬೇಡಿ.

ನಿಲ್ಲಿಸುವುದು ಇನ್ನೂ ಕಷ್ಟ. ಕೊನೆಯ ಸ್ವರದ ಮೇಲೆ ಊದುವುದನ್ನು ನಿಲ್ಲಿಸಿ ತೋಳನ್ನು ಚೀಲದಿಂದ ಒಮ್ಮೆಗೇ ಎತ್ತಬೇಕು. ಮೆಲ್ಲಗೆ ಬಿಟ್ಟರೆ ಗಾಳಿ ಇಳಿಯುತ್ತ ಡ್ರೋನ್ ನರಳುತ್ತದೆ, ಮೈದಾನವೆಲ್ಲ ಮೌನವಾದ ಮೇಲೂ ಒಬ್ಬರ ಪೈಪು ಕರು ಹಾಕುವ ಎಮ್ಮೆಯಂತೆ ಕೂಗುತ್ತಿರುತ್ತದೆ.