ಓಟಕ್ಕೆ ಹತ್ತು ದಿನ, ಮಂಡಿಯಲ್ಲೊಂದು ಮುಳ್ಳು

ಮುಂಬೈಗೆ ಉದ್ಯಾನ್ ಎಕ್ಸ್‌ಪ್ರೆಸ್ ಟಿಕೆಟ್ ಸಿಕ್ಕಿದೆ. ಸೋಮವಾರದ ರಜೆ ಮಂಜೂರಾಗಿದೆ. ನಾಲ್ಕು ತಿಂಗಳು ಬೆಳಗಿನ ನಾಲ್ಕೂವರೆಗೆ ಎದ್ದು ಕಬ್ಬನ್ ಪಾರ್ಕ್ ಸುತ್ತಿದ್ದೂ ಆಗಿದೆ. ಈಗ, ಮ್ಯಾರಥಾನ್‌ಗೆ ಹತ್ತೇ ದಿನ ಇರುವಾಗ, ಮೆಟ್ಟಿಲಿಳಿದರೆ ಮಂಡಿಯ ಹೊರಬದಿಯಲ್ಲಿ ಏನೋ ಚುಚ್ಚುತ್ತದೆ.

ಪ್ರತಿ ಜನವರಿಯಲ್ಲೂ ನಮ್ಮ ಓಟದ ಬಳಗದಲ್ಲಿ ಮೂರು ನಾಲ್ಕು ಮಂದಿ ಇದೇ ಮುಖ ಹೊತ್ತು ಬರುತ್ತಾರೆ. ಹತ್ತು ದಿನದಲ್ಲಿ ವಾಸಿಯಾಗುತ್ತದೆಯೇ ಎಂದು ಕೇಳುತ್ತಾರೆ. ಬಹುಮಟ್ಟಿಗೆ ಆಗುವುದಿಲ್ಲ. ತಿಂಗಳುಗಟ್ಟಲೆ ಓಡಿ ಬರಿಸಿಕೊಂಡ ನೋವು ಹತ್ತು ದಿನದಲ್ಲಿ ಹೋಗುವುದಿಲ್ಲ. ಅದು ಹೆಚ್ಚಾಗದಂತೆ ಓಟದ ಗೆರೆಯವರೆಗೆ ಕಾಲನ್ನು ಕಾಪಾಡಿಕೊಂಡು ಹೋಗುವುದಷ್ಟೇ ಈಗಿನ ಕೆಲಸ. ನಾನು ವೈದ್ಯನಲ್ಲ, ಹನ್ನೊಂದು ವರ್ಷ ಓಡಿ, ಅದರಲ್ಲಿ ಒಂದೂವರೆ ವರ್ಷ ಕುಂಟಿದವನು. ಮುಂದಿನದನ್ನು ಆ ಲೆಕ್ಕದಲ್ಲೇ ಓದಿಕೊಳ್ಳಿ.

ಮೊದಲು: ಬೆರಳಿಟ್ಟು ತೋರಿಸಿ

ನೋವು ಎಲ್ಲಿದೆ ಎಂದು ಒಂದೇ ಬೆರಳಿನಲ್ಲಿ ತೋರಿಸಲು ಪ್ರಯತ್ನಿಸಿ. ಅಂಗೈ ಅಗಲದಷ್ಟು ಜಾಗವನ್ನು ಸವರಿ ‘ಇಲ್ಲೆಲ್ಲಾ’ ಎನ್ನುತ್ತೀರಾದರೆ ಅದು ಹೆಚ್ಚಾಗಿ ಸ್ನಾಯುವಿನ ದಣಿವು ಅಥವಾ ಬಿಗಿತ. ಓಟ ಕಡಿಮೆ ಮಾಡಿದ ವಾರದಲ್ಲಿ ಇಂತಹವು ಎಲ್ಲಿಂದಲೋ ಹುಟ್ಟಿಕೊಳ್ಳುತ್ತವೆ. ಮಾಡಲು ಕೆಲಸವಿಲ್ಲದ ಮನಸ್ಸು ಕಾಲನ್ನೇ ಕೆದಕುತ್ತಾ ಕೂರುತ್ತದೆ. ಸೋಮವಾರ ಎಡ ಮೀನಖಂಡ, ಬುಧವಾರ ಬಲ ಸೊಂಟ ಎಂದು ಜಾಗ ಬದಲಿಸುವ ನೋವಿಗೆ ಹೆದರಬೇಕಾಗಿಲ್ಲ.

ಕಣಕಾಲಿನ ಮೂಳೆಯ ಮೇಲೋ ಪಾದದ ಮೇಲ್ಭಾಗದಲ್ಲೋ ನಾಣ್ಯದಷ್ಟು ಜಾಗವನ್ನು ಒತ್ತಿದಾಗ ‘ಅಯ್ಯೋ’ ಎನಿಸಿದರೆ, ಓಡಿದಷ್ಟೂ ನೋವು ಏರಿದರೆ, ರಾತ್ರಿ ಮಲಗಿದಾಗಲೂ ಮಿಡಿದರೆ ಮಾತ್ರ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಮೂಳೆ ವೈದ್ಯರ ಬಳಿಗೆ ಹೋಗಿ. ಅದು ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಇರಬಹುದು. ಮೊದಲ ಎರಡು ಮೂರು ವಾರ ಇಂತಹ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಇರುವುದು ಸಾಮಾನ್ಯ; ಎಂಆರ್‌ಐನಲ್ಲಿ ಕಾಣುತ್ತದೆ. ‘ಎಕ್ಸ್‌ರೇ ಸರಿಯಿದೆ’ ಎಂಬ ಒಂದು ವಾಕ್ಯವನ್ನು ನಂಬಿ ನಾನೊಮ್ಮೆ ಓಡಿದ್ದೆ. ಆಮೇಲೆ ಮೂರು ತಿಂಗಳು ಊರುಗೋಲು ಹಿಡಿದು ಕಚೇರಿಗೆ ಹೋದೆ.

ಆಮೇಲೆ: ಅಂಕ ಕೊಡಿ

ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವುದು ಫಿಸಿಯೊಗಳ ಹಳೆಯ ರೂಢಿ. ಓಡುವಾಗ ನೋವು ಮೂರರೊಳಗಿದ್ದರೆ ಮೆಲ್ಲಗೆ ಓಡಬಹುದು. ನಾಲ್ಕು ಐದಕ್ಕೆ ಹೋದರೆ ಅಂದಿನ ಓಟ ಬಿಟ್ಟು ನಡೆಯಿರಿ. ಅದಕ್ಕಿಂತ ಹೆಚ್ಚಾದರೆ ಮನೆಗೆ ಬನ್ನಿ. ಈ ಅಂಕಗಳಲ್ಲಿ ನಾವು ನಮಗೇ ಸುಳ್ಳು ಹೇಳಿಕೊಳ್ಳುತ್ತೇವೆ ಎಂಬುದೊಂದು ತೊಂದರೆ. ಆದ್ದರಿಂದ ಇನ್ನೆರಡು ಸಾಕ್ಷಿ ಬೇಕು. ಒಂದು, ಮರುದಿನದ ಬೆಳಗು: ಹಾಸಿಗೆಯಿಂದೆದ್ದಾಗ ನೋವು ನಿನ್ನೆಗಿಂತ ಹೆಚ್ಚಿದ್ದರೆ ನಿನ್ನೆ ಓಡಿದ್ದು ಅತಿಯಾಯಿತು. ಇನ್ನೊಂದು, ನಡಿಗೆ: ನೀವು ಕುಂಟುತ್ತಿದ್ದೀರಾ ಎಂದು ಮನೆಯವರನ್ನು ಕೇಳಿ. ಕುಂಟುತ್ತಾ ಓಡಿದರೆ ಎಡಗಾಲಿನ ನೋವು ಬಲಗಾಲಿಗೂ ಬರುತ್ತದೆ.

ಏನನ್ನು ಬಿಡಬೇಕು

ಒಂದು ದಿನದ ಕಠಿಣ ಓಟದ ಫಲ ದೇಹಕ್ಕೆ ದಕ್ಕಲು ಸುಮಾರು ಹತ್ತರಿಂದ ಹದಿನಾಲ್ಕು ದಿನ ಬೇಕು. ಹಾಗಾಗಿ ಕೊನೆಯ ವಾರ ಎಷ್ಟೇ ಓಡಿದರೂ ಭಾನುವಾರಕ್ಕೆ ಉಪಯೋಗವಿಲ್ಲ. ಓಡದಿದ್ದರೆ ನಷ್ಟವೂ ಇಲ್ಲ. ಈ ಮಾತು ತಲೆಗೆ ಇಳಿದರೆ ಅರ್ಧ ಚಿಕಿತ್ಸೆ ಆದಂತೆ. ಉಸಿರು ಏರಿಸಲೇಬೇಕೆಂದು ಕಾಲು ತುರಿಸಿದರೆ ಈಜು ಅಥವಾ ಹಗುರವಾಗಿ ಸೈಕಲ್ ತುಳಿಯುವುದು ಸಾಕು. ಉಳಿದದ್ದು ನೋವಿನ ಜಾಗದ ಮೇಲೆ ನಿಂತಿದೆ.

ಮಂಡಿಯ ಹೊರಬದಿ: ಸೊಂಟದಿಂದ ಮಂಡಿಯ ಕೆಳಗಿನವರೆಗೆ ತೊಡೆಯ ಹೊರಗೆ ಇಳಿಯುವ ಗಟ್ಟಿ ಪಟ್ಟಿಯದು ಈ ತಕರಾರು, ಓಟಗಾರರು ಐಟಿ ಬ್ಯಾಂಡ್ ಎನ್ನುತ್ತಾರೆ. ಮಂಡಿ ಸುಮಾರು 30 ಡಿಗ್ರಿ ಬಾಗಿದಾಗ ಈ ಪಟ್ಟಿಯ ಅಡಿ ಒತ್ತಡ ಹೆಚ್ಚು. ಇಳಿಜಾರು, ಮೆಟ್ಟಿಲು, ತೀರಾ ನಿಧಾನದ ಎಳೆದಾಟದ ಓಟ, ಮೂರೂ ಆ ಕೋನದಲ್ಲೇ ಕಾಲೂರಿಸುತ್ತವೆ. ಒಂದು ವಾರ ಲಿಫ್ಟ್ ಬಳಸಿ, ನಾಚಿಕೆ ಬೇಡ. ಒಂದು ಬದಿಗೆ ವಾಲಿದ ರಸ್ತೆಯ ಅಂಚಿನಲ್ಲಿ ಓಡಬೇಡಿ. ಸ್ನಾಯು ಸಡಿಲಿಸಲು ಬಳಸುವ ಉರುಳೆ, ಅಂದರೆ ಫೋಮ್ ರೋಲರನ್ನು ನೋಯುವ ಜಾಗದ ಮೇಲೆಯೇ ಉರುಳಿಸುವುದು ಗಾಯವನ್ನು ಕೆರೆದ ಹಾಗೆ. ಉರುಳಿಸಲೇಬೇಕಾದರೆ ತೊಡೆಯ ಮುಂಭಾಗಕ್ಕೆ, ಪೃಷ್ಠಕ್ಕೆ.

ಮಂಡಿಚಿಪ್ಪಿನ ಸುತ್ತ: ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಿನ ಶೌಚಾಲಯ, ನೆಲ ಒರೆಸುವುದು ಇವೆಲ್ಲ ಸದ್ಯಕ್ಕೆ ಬೇಡ. ಮುಂಬೈ ಓಟ ಸಾಮಾನ್ಯವಾಗಿ ಜನವರಿಯ ಮೂರನೆಯ ಭಾನುವಾರ, ಅಂದರೆ ಸಂಕ್ರಾಂತಿಯ ಬೆನ್ನಿಗೇ. ಎಳ್ಳು ಬೆಲ್ಲ ಬೀರಲು ನಾಲ್ಕು ಮಹಡಿ ಹತ್ತಿಳಿಯುವ ಕೆಲಸವನ್ನು ಈ ವರ್ಷ ಮಕ್ಕಳಿಗೆ ವಹಿಸಿ.

ಹಿಮ್ಮಡಿಯ ಅಡಿ: ಬೆಳಗಿನ ಮೊದಲ ಹೆಜ್ಜೆಗೆ ಮುಳ್ಳು ತುಳಿದಂತಾಗಿ, ಹತ್ತು ಹೆಜ್ಜೆ ನಡೆದ ಮೇಲೆ ತಗ್ಗಿದರೆ ಅದು ಅಂಗಾಲಿನ ಪಟ್ಟಿಯ ನೋವು. ನಮ್ಮ ಮನೆಗಳ ಕಲ್ಲು, ಟೈಲ್ಸ್ ನೆಲದ ಮೇಲೆ ಬರಿಗಾಲಿನ ನಡಿಗೆ ಇದಕ್ಕೆ ಒಳ್ಳೆಯದಲ್ಲ. ಮನೆಯೊಳಗೆ ಮೆತ್ತನೆಯ ಚಪ್ಪಲಿ ಬೇಕು. ಅಜ್ಜಿ ಗೊಣಗಿದರೆ ದೇವರ ಮನೆಯ ಹೊರಗೆ ಬಿಡುತ್ತೇನೆ ಎನ್ನಿ. ಏಳುವ ಮುನ್ನ ಹಾಸಿಗೆಯಲ್ಲೇ ಕಾಲ್ಬೆರಳುಗಳನ್ನು ಹತ್ತು ಬಾರಿ ನಿಮ್ಮತ್ತ ಎಳೆದುಕೊಳ್ಳಿ. ನೀರು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಸಂಜೆ ಐದು ನಿಮಿಷ ಅಂಗಾಲಿನಡಿ ಉರುಳಿಸಿದರೆ ಹಿತವಾಗುತ್ತದೆ.

ಹಿಮ್ಮಡಿಯ ಮೇಲೆ: ಇಲ್ಲಿರುವುದು ಅಕಿಲಿಸ್, ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಕಟ್ಟುವ ಸ್ನಾಯುರಜ್ಜು. ಮೆಟ್ಟಿಲ ಅಂಚಿನಿಂದ ಹಿಮ್ಮಡಿಯನ್ನು ಕೆಳಗಿಳಿಸಿ ಜಗ್ಗುವ ವ್ಯಾಯಾಮವನ್ನು ಕೂಡಲೇ ನಿಲ್ಲಿಸಿ. ಎಳೆದಷ್ಟೂ ಅದು ಮೂಳೆಗೆ ಒತ್ತಿ ಕೆರಳುತ್ತದೆ. ಬದಲಿಗೆ ಸಮನೆಲದಲ್ಲಿ ಎರಡೂ ಕಾಲಿನ ತುದಿಬೆರಳ ಮೇಲೆ ಎದ್ದು 30ರಿಂದ 45 ಸೆಕೆಂಡ್ ಅಲುಗಾಡದೆ ನಿಲ್ಲಿ. ನಡುವೆ ಒಂದೆರಡು ನಿಮಿಷ ಬಿಡುವು ಕೊಟ್ಟು ನಾಲ್ಕೈದು ಬಾರಿ ಮಾಡಿ. ದಿನಬಳಕೆಯ ಬೂಟುಗಳೆರಡರೊಳಗೂ ಹಿಮ್ಮಡಿಯಡಿ ಚಿಕ್ಕ ಪ್ಯಾಡ್ ಇಟ್ಟರೆ ಎಳೆತ ತಗ್ಗುತ್ತದೆ.

ಏನನ್ನು ಮುಟ್ಟಬಾರದು

ನೋವಿಗೆ ಹೆದರಿ ಮಾಡುವ ತಪ್ಪುಗಳಲ್ಲಿ ದೊಡ್ಡದು ಮಾತ್ರೆ.

ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದವರು. ಮರುವರ್ಷದ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಅವರದ್ದೇ ಎಂದು ಬಹಳ ಮಂದಿ ನಂಬಿದ್ದರು. ಓಟಕ್ಕೆ ಎರಡು ವಾರವಿದ್ದಾಗ ಕಾಲಿಗೆ ಪೆಟ್ಟಾಯಿತು. ಉರಿಯೂತ ಇಳಿಸಲು ಹೆಚ್ಚಿನ ಪ್ರಮಾಣದಲ್ಲಿ ಔಷಧ ತೆಗೆದುಕೊಂಡರು. ಅದು ಹೊಟ್ಟೆ ಕೆಡಿಸಿ, ತಿಂದದ್ದು ಮೈಗೆ ಹಿಡಿಯದಂತೆ ಮಾಡಿತೆಂದು ಆಮೇಲೆ ಅವರೇ ಹೇಳಿದರು. ಸುಮಾರು 36ನೇ ಕಿಲೋಮೀಟರಿನಲ್ಲಿ ರಸ್ತೆ ಬದಿಯಲ್ಲಿ ಕುಸಿದು ಅತ್ತರು. ಅಂದು ಅವರನ್ನು ಸೋಲಿಸಿದ್ದು ಕಾಲಿಗಿಂತ ಹೆಚ್ಚಾಗಿ ಖಾಲಿಯಾದ ದೇಹ. ಅದೇ ನವೆಂಬರಿನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು ಎಂಬುದನ್ನೂ ಹೇಳಿಬಿಡುತ್ತೇನೆ, ಹತಾಶರಾಗಬೇಡಿ.

ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ತಗ್ಗಿಸಬಲ್ಲವು. ಗಂಟೆಗಟ್ಟಲೆ ಓಡಿ ಬೆವರು ಸುರಿಸುವಾಗ ಆ ಹರಿವು ಮೊದಲೇ ಕಡಿಮೆಯಾಗಿರುತ್ತದೆ. ಜರ್ಮನಿಯ ಬಾನ್ ನಗರದಲ್ಲಿ 2010ರ ಮ್ಯಾರಥಾನ್ ಓಟಗಾರರನ್ನು ವಿಚಾರಿಸಿದಾಗ ಸುಮಾರು ಅರ್ಧದಷ್ಟು ಮಂದಿ ಓಟಕ್ಕೆ ಮುನ್ನ ನೋವಿನ ಮಾತ್ರೆ ನುಂಗಿದ್ದರು. ಹೊಟ್ಟೆನೋವು, ಮೂತ್ರದಲ್ಲಿ ರಕ್ತ, ಎದೆಯ ತೊಂದರೆಗಳು ನುಂಗಿದವರಲ್ಲೇ ಹಲವು ಪಟ್ಟು ಹೆಚ್ಚು ಕಂಡವು. ನಮ್ಮಲ್ಲಿ ಡೈಕ್ಲೊಫೆನಾಕ್ ಎಂದರೆ ನೆನಪಾಗುವುದು ರಣಹದ್ದು. ದನಗಳಿಗೆ ಕೊಟ್ಟ ಈ ಔಷಧ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡ ಕೆಡಿಸಿ ಸಂತತಿಯನ್ನೇ ಅಳಿಸುತ್ತಾ ಬಂತು; ಪಶುಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ರಾಮನಗರದ ರಾಮದೇವರ ಬೆಟ್ಟದಲ್ಲಿ ಹದ್ದುಗಳಿಗೊಂದು ಧಾಮವಿದೆ. ಹದ್ದಿಗೂ ಮನುಷ್ಯನಿಗೂ ಹೋಲಿಕೆ ಸಲ್ಲದು, ನಿಜ. ಆದರೂ ಓಟದ ಬೆಳಿಗ್ಗೆ ಆ ಮಾತ್ರೆಯ ಪಟ್ಟಿ ಕೈಗೆ ಬಂದಾಗ ನನಗೆ ಆ ಬೆಟ್ಟ ಕಾಣುತ್ತದೆ.

ಸ್ನಾಯುರಜ್ಜಿನ ಬಳಿ ಸ್ಟೀರಾಯ್ಡ್ ಚುಚ್ಚುಮದ್ದನ್ನಂತೂ ಕೇಳಲೇಬೇಡಿ: ನೋವು ಮಾಯವಾಗುತ್ತದೆ, ರಜ್ಜು ಮಾತ್ರ ದುರ್ಬಲವಾಗಿ ಹರಿಯುವ ಅಪಾಯ ಹೆಚ್ಚುತ್ತದೆ. ಉಳುಕು ತೆಗೆಯುವವರು, ‘ಪುತ್ತೂರು ಕಟ್ಟು’ ಬೋರ್ಡಿನ ಅಂಗಡಿಗಳು, ಗಟ್ಟಿಯಾಗಿ ತಿಕ್ಕುವ ಮಸಾಜ್, ಎಲ್ಲವೂ ಕೊನೆಯ ವಾರದಲ್ಲಿ ಬೇಡ. ಗಟ್ಟಿಯಾಗಿ ತಿಕ್ಕಿಸಿಕೊಂಡ ತೊಡೆ ಎರಡು ಮೂರು ದಿನ ನೋಯುತ್ತದೆ. ಹೊಸ ಬೂಟು, ಹೊಸ ಇನ್‌ಸೋಲ್, ಈವರೆಗೆ ಓಡಿ ನೋಡದ ಟೇಪ್ ಕೂಡ ಇದೇ ಪಟ್ಟಿಗೆ ಸೇರುತ್ತವೆ.

ರೈಲು, ಮತ್ತು ಬಿಬ್ ತರುವ ದಿನ

ಉದ್ಯಾನ್‌ನಲ್ಲಿ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಕಳೆಯಬೇಕು. ಗಂಟೆಗೊಮ್ಮೆ ಎದ್ದು ಬೋಗಿಯ ಆ ತುದಿಯಿಂದ ಈ ತುದಿಗೆ ನಡೆಯಿರಿ. ದೀರ್ಘ ಪ್ರಯಾಣದ ನಂತರ ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದನ್ನು ಓಟದ ನೋವೆಂದು ತಳ್ಳಿಹಾಕದೆ ಅಂದೇ ವೈದ್ಯರಿಗೆ ತೋರಿಸಿ, ರಕ್ತ ಹೆಪ್ಪುಗಟ್ಟಿರಬಹುದು. ಬಿಬ್, ಅಂದರೆ ಎದೆಗೆ ಸಿಕ್ಕಿಸುವ ಓಟದ ಸಂಖ್ಯೆಯ ಹಾಳೆ, ಪಡೆಯುವ ಕಡೆ ಮಳಿಗೆಗಳ ಸಾಲಿರುತ್ತದೆ, ಸೆಲ್ಫಿ ಗೋಡೆ ಇರುತ್ತದೆ, ಗೊತ್ತಿಲ್ಲದೆ ಮೂರು ಗಂಟೆ ನಿಂತಿರುತ್ತೀರಿ. ಸಾಧ್ಯವಾದರೆ ಶುಕ್ರವಾರವೇ ಮುಗಿಸಿ, ಶನಿವಾರ ಕಾಲು ಚಾಚಿ.

ಕೊನೆಗೆ: ಪರೀಕ್ಷೆ, ಚೀಟಿ

ಗುರುವಾರ ಅಥವಾ ಶುಕ್ರವಾರ ನಾಲ್ಕು ಕಿಲೋಮೀಟರ್ ಓಡಿ. ನಡುವಿನ ಒಂದು ಕಿಲೋಮೀಟರ್ ಮ್ಯಾರಥಾನಿನ ವೇಗದಲ್ಲಿರಲಿ. ನೋವು ಮೂರನ್ನು ದಾಟಲಿಲ್ಲ, ಕುಂಟಲಿಲ್ಲ, ಮರುದಿನವೂ ಹೆಚ್ಚಲಿಲ್ಲ ಎಂದರೆ ಓಡಿ. ಮೂರರಲ್ಲಿ ಒಂದು ತಪ್ಪಿದರೂ ಬೇಡ. ಮೂರೂ ಸರಿಯಿದ್ದವರು ಓಟದ ನಡುವೆ ಎಲ್ಲಿ ನಿಲ್ಲಿಸಬೇಕೆಂಬುದನ್ನು ಶನಿವಾರ ಸಂಜೆಯೇ ಒಂದು ಚೀಟಿಯಲ್ಲಿ ಬರೆದಿಡಿ. 30ನೇ ಕಿಲೋಮೀಟರಿನಲ್ಲಿ ಸಕ್ಕರೆ ಇಳಿದ ಮಿದುಳು ಆ ತೀರ್ಮಾನಕ್ಕೆ ಯೋಗ್ಯವಲ್ಲ. ನನ್ನದರಲ್ಲಿ ಎರಡೇ ಸಾಲು: ‘ಕುಂಟಿದರೆ ಮೆಡಿಕಲ್ ಟೆಂಟ್. ಮೂಳೆ ನೊಂದರೆ ಅಲ್ಲೇ ನಿಲ್ಲು.’ ಹಿಂತಿರುಗಲು ದುಡ್ಡು, ಮೊಬೈಲ್ ಸೊಂಟದ ಚೀಲದಲ್ಲಿರಲಿ.

ಓಡುವುದಿಲ್ಲ ಎಂದು ತೀರ್ಮಾನಿಸಿದವರು ಬಿಬ್ಬನ್ನು ಗೆಳೆಯರಿಗೆ ಕೊಟ್ಟುಬಿಡುವುದುಂಟು. ಕೊಡಬೇಡಿ. ಆ ಗೆಳೆಯ ದಾರಿಯಲ್ಲಿ ಕುಸಿದರೆ, ವೈದ್ಯರು ಬಿಬ್ ತಿರುಗಿಸಿ ಓದುವುದು ನಿಮ್ಮ ರಕ್ತದ ಗುಂಪನ್ನು, ಫೋನ್ ಮಾಡುವುದು ನಿಮ್ಮ ಮನೆಗೆ.