ಪುಷ್ಯ ಮಳೆಯಲ್ಲಿ ವೇಲಾ ಸಿಕ್ಕಿದ್ದು

"ಹೊಸನಗರದಲ್ಲಿ ಕೂತು ಮಳೆಗಾಲದಲ್ಲಿ ನಕ್ಷತ್ರ ನೋಡ್ತೀಯಾ? ಸೂರ್ಯನೇ ಕಾಣದೆ ತಿಂಗಳಾಯ್ತಲ್ಲ ಮಾರಾಯ" ಅಂತ ಭಾವ ನಕ್ಕಿದ್ದ. ನಾನು ಹುಡುಕುತ್ತಿದ್ದದ್ದು ವೇಲಾ ಪಲ್ಸಾರನ್ನು, ಗಿರಗಿರ ತಿರುಗುತ್ತಾ ಗಾಮಾ ಕಿರಣ ಬೀರುವ ಸತ್ತ ನಕ್ಷತ್ರವನ್ನು. ಗಾಮಾ ಕಿರಣ ಬೇಸಿಗೆಯಲ್ಲೂ ನೆಲಕ್ಕೆ ಇಳಿಯುವುದಿಲ್ಲ. ಅದನ್ನು ಹಿಡಿಯುವುದು 2008ರಿಂದ ಮೇಲೆ ಸುತ್ತುತ್ತಿರುವ ನಾಸಾದ ಫರ್ಮಿ ದೂರದರ್ಶಕ. ಡೇಟಾ ಪುಕ್ಕಟೆ. ಪುಕ್ಕಟೆ ಅಲ್ಲದ್ದು ನಮ್ಮೂರಿನ ಕರೆಂಟು, ನೆಟ್ಟು.

ಹಳೇ ಲ್ಯಾಪ್‌ಟಾಪಿಗೆ 18 ಸಾವಿರ, ಇನ್ವರ್ಟರ್ ಬ್ಯಾಟರಿಗೆ 14 ಸಾವಿರದ ಆಸುಪಾಸು. ಆ ವರ್ಷ ತೋಟಕ್ಕೆ ಕೊಳೆ ಬೇರೆ ಬಿದ್ದಿತ್ತು. ಬ್ಯಾಟರಿ ದುಡ್ಡನ್ನು ಮೈಲುತುತ್ತದ ಲೆಕ್ಕಕ್ಕೆ ಸೇರಿಸಿದೆ. ಡೇಟಾ ಇಳಿಸಿದ್ದು ಶಿವಮೊಗ್ಗದಲ್ಲಿ, ಅಳಿಯನ ರೂಮಿನಲ್ಲಿ. ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಮೊದಲ ಸಲ ಫೋಲ್ಡ್ ಮಾಡಿದಾಗ, ಅಂದರೆ ಬಂದ ಫೋಟಾನುಗಳನ್ನೆಲ್ಲ (ಕಿರಣದ ಕಣಗಳು) ಒಂದೇ ಸುತ್ತಿನ ಮೇಲೆ ಪೇರಿಸಿದಾಗ, ಶಿಖರವಿಲ್ಲದ ಬರೀ ಗೋಡೆ. ಭೂಮಿ ಸೂರ್ಯನನ್ನು ಸುತ್ತುವುದರಿಂದ ಕಿರಣ ಬರುವ ಹೊತ್ತಿನಲ್ಲಾಗುವ ಏರುಪೇರನ್ನು ಸರಿಪಡಿಸುವ ಬ್ಯಾರಿಸೆಂಟರ್ ತಿದ್ದುಪಡಿಯನ್ನೇ ಮರೆತಿದ್ದೆ. ವರ್ಷದಲ್ಲಿ ನಾಲ್ಕು ನಿಮಿಷ ಹಿಂದೆ ಮುಂದೆ ಆಗುವ ಹೊತ್ತಿನಲ್ಲಿ, ಸೆಕೆಂಡಿಗೆ 11 ಸುತ್ತು ತಿರುಗುವವನನ್ನು ಹುಡುಕಿದರೆ ಸಿಗುತ್ತಾನೆಯೇ? ದಿನಕ್ಕೆ ಸಿಗುವ ಫೋಟಾನೇ ಕೆಲವು ನೂರು. ಒಂದು ಬಂದು ಇನ್ನೊಂದು ಬರುವಷ್ಟರಲ್ಲಿ ವೇಲಾ ಎರಡು ಸಾವಿರ ಸುತ್ತು ಮುಗಿಸಿರುತ್ತದೆ.

ತಿದ್ದಿದ ಮೇಲೂ ಅರೆಬರೆ ಉಬ್ಬು. ಹದಿನೈದು ದಿನ ಪಾರ್ ಫೈಲನ್ನು (ವೇಲಾ ತಿರುಗುವ ವೇಗದ ಲೆಕ್ಕವಿರುವ ಕಡತ) ಬೈದೆ. ಕೊನೆಗೆ ಒಂದು ರಾತ್ರಿ, ಕರೆಂಟು ಹೋಗಿ ಬ್ಯಾಟರಿ ಕೀರಲು ಶುರುಮಾಡಿದಾಗ, ಎಲ್ಲ ಒಟ್ಟು ಹಾಕುವುದು ಬಿಟ್ಟು ತಾರೀಖಿಗೆ ಎದುರಾಗಿ ಫೇಸ್, ಅಂದರೆ ಪ್ರತಿ ಫೋಟಾನು ಸುತ್ತಿನ ಯಾವ ಘಟ್ಟದಲ್ಲಿ ಬಂತೆಂಬುದನ್ನು, ಎಳೆದೆ. ಪಂಚೆಯ ಅಂಚಿನ ಹಾಗೆ ನೆಟ್ಟಗೆ ಎರಡು ಪಟ್ಟೆ, 2016ರ ಡಿಸೆಂಬರ್ 12ರವರೆಗೆ. ಆಮೇಲೆ ಕಲಸುಮೇಲೋಗರ. ಗ್ಲಿಚ್! ಅವತ್ತು ವೇಲಾ ಹತ್ತು ಲಕ್ಷದಲ್ಲಿ ಒಂದೂವರೆ ಪಾಲಿನಷ್ಟು ವೇಗ ಹೆಚ್ಚಿಸಿಕೊಂಡಿತ್ತು. ಅಷ್ಟೇ ಸಾಕು, ಹದಿನೇಳು ಗಂಟೆಯಲ್ಲಿ ಲೆಕ್ಕ ಒಂದು ಸುತ್ತು ತಪ್ಪುತ್ತದೆ. ನನ್ನ ಪಾರ್ ಫೈಲು ಅದಕ್ಕಿಂತ ಹಿಂದಿನದು. ಗ್ಲಿಚ್ ಸಾಲು ಸೇರಿಸಿದೆ, ಎರಡೂ ಶಿಖರ ಕತ್ತಿಯ ಹಾಗೆ ನಿಂತವು.

ಯಾವ ಶಕ್ತಿಯ ಫೋಟಾನಿಗೆ ಆಕಾಶದಲ್ಲಿ ವೇಲಾದ ಸುತ್ತ ಎಷ್ಟು ಅಗಲದ ವೃತ್ತ ಇಟ್ಟೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ಎರಡು ಪುಷ್ಯ ಮಳೆ ಖರ್ಚಾಗಿದೆ.

ನಡುವೆ ಇಸ್ರೋದ ಉಪಗ್ರಹ ಆಸ್ಟ್ರೋಸ್ಯಾಟ್‌ನ ಎಕ್ಸ್‌ರೇ ಡೇಟಾದಲ್ಲಿ ಕ್ರ್ಯಾಬ್ ಎಂಬ ಇನ್ನೊಂದು ಪಲ್ಸಾರನ್ನು ಹಿಡಿಯಲು ಹೋದೆ. 33 ಮಿಲಿಸೆಕೆಂಡಿಗೆ ಒಂದು ಸುತ್ತು ಹಾಕುವ ಆಸಾಮಿ ಮೊದಲ ಏಟಿಗೇ ಸಿಕ್ಕಿಬಿಟ್ಟ, ಮಜಾನೇ ಬರಲಿಲ್ಲ.

ವೇಲಾದ ಚಿತ್ರವನ್ನು ಪ್ರಿಂಟ್ ತೆಗೆದು ಭಾವನಿಗೆ ತೋರಿಸಿದೆ. ಕನ್ನಡಕ ಹಾಕಿ ಎರಡು ನಿಮಿಷ ನೋಡಿದ. "ಇದರಲ್ಲಿ ನಕ್ಷತ್ರ ಎಲ್ಲುಂಟು?"